ಮೂವರು ಮಕ್ಕಳಿಗೆ ಮೂರು ಸಿಲಬಸ್ ಬೇಕಾ?

ಪ್ರಶ್ನೆ: ಬೆಂಗಳೂರು ಬಿಟ್ಟು ಸಾಗರದ ಹತ್ತಿರದ ನಮ್ಮ ಹಳ್ಳಿಗೆ ಬಂದು ಒಂದೂವರೆ ವರ್ಷವಾಯಿತು. ಯಜಮಾನರು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾರೆ. ತೋಟ ಮಾವ ನೋಡಿಕೊಳ್ಳುತ್ತಾರೆ. ಮೂವರು ಮಕ್ಕಳಿಗೂ ಹೋಮ್‌ಸ್ಕೂಲಿಂಗ್. ದೊಡ್ಡ ಮಗಳಿಗೆ 11 ವರ್ಷ, ಮಗನಿಗೆ 8, ಚಿಕ್ಕವಳಿಗೆ 5. ದೊಡ್ಡವಳಿಗೆ ಅಮೆರಿಕದಿಂದ ಇಡೀ ವರ್ಷದ ಪ್ಯಾಕೇಜ್ ತರಿಸಿದೆವು. ಮಗನಿಗೆ ಎನ್‌ಸಿಇಆರ್‌ಟಿ ಪುಸ್ತಕಗಳು, ಗಣಿತಕ್ಕೆ ಸಿಂಗಪುರದ ಪುಸ್ತಕ, ಜೊತೆಗೊಂದು ಆ್ಯಪ್. ಚಿಕ್ಕವಳಿಗೆ ಮಾಂಟೆಸ್ಸರಿ ಸಾಮಾನು. ಒಬ್ಬರ ಹತ್ತಿರ ಕೂತರೆ ಇನ್ನಿಬ್ಬರು ಜಗಳ ಶುರು ಮಾಡುತ್ತಾರೆ. ಯಾವ ಪುಸ್ತಕವೂ ಅರ್ಧ ದಾಟಿಲ್ಲ. ಇವರು, ‘ಎಲ್ಲರಿಗೂ ಒಂದೇ ಕಂಪನಿಯ ಪ್ಯಾಕೇಜ್ ತಗೊಳ್ಳೋಣ, ತಲೆಬಿಸಿ ಇರಲ್ಲ’ ಅನ್ನುತ್ತಾರೆ. ಅತ್ತೆ, ‘ಊರಲ್ಲೇ ಶಾಲೆ ಇದೆಯಲ್ಲ’ ಅನ್ನುತ್ತಾರೆ. ಮೊನ್ನೆ ದೊಡ್ಡವಳು, ‘ನಂಗೆ ಸ್ಕೂಲೇ ಚೆನ್ನಾಗಿತ್ತು’ ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಇನ್ನೊಂದು ಪ್ಯಾಕೇಜ್ ಮಾತ್ರ ತಗೊಳ್ಳಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಈ ಉತ್ತರ ಓದುವಷ್ಟರಲ್ಲಿ ಯಜಮಾನರು ಆರ್ಡರ್ ಮಾಡಿರುತ್ತಾರೋ ಏನೋ ಅಂತ ಭಯ.

ಒಂದೇ ಕಂಪನಿಯದ್ದಾದರೂ ಮೂರು ತರಗತಿಗೆ ಮೂರು ಪೆಟ್ಟಿಗೆಯೇ ಬರುತ್ತದೆ. ಕೂತು ಹೇಳಿಕೊಡುವವರು ನೀವೊಬ್ಬರೇ. ಈಗ ನಿಮ್ಮ ಸ್ಥಿತಿ ಮೂರು ಒಲೆ ಹಚ್ಚಿ ಮೂರರ ಮುಂದೆಯೂ ಒಬ್ಬರೇ ನಿಂತ ಹಾಗಿದೆ. ಒಲೆಯ ಬ್ರ್ಯಾಂಡ್ ಬದಲಿಸಿದರೆ ಏನು ಬಂತು?

ಮಕ್ಕಳ ವಯಸ್ಸು ಬೇರೆ ಬೇರೆ ಇದ್ದಾಗ ಏನು ಮಾಡಬೇಕು ಅನ್ನುವುದಕ್ಕೆ ಅಮೆರಿಕದ ಕಡೆ ನೋಡಬೇಕಾಗಿಲ್ಲ. ನಿಮ್ಮ ಅತ್ತೆ ಹೇಳಿದ ಆ ಊರ ಶಾಲೆಯಲ್ಲೇ ಉತ್ತರ ಇದೆ. ಅಲ್ಲಿನ ನಲಿ-ಕಲಿ ಕೋಣೆಗೆ ಒಂದು ದಿನ ಹೋಗಿ ಬನ್ನಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಆಂಧ್ರದ ರಿಷಿವ್ಯಾಲಿ ಶಾಲೆಯವರು ತಮ್ಮ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದ ಕಾರ್ಡುಗಳ ಪಾಠವನ್ನು ನಮ್ಮ ಮೇಷ್ಟ್ರುಗಳು ನೋಡಿಕೊಂಡು ಬಂದು ಕನ್ನಡಕ್ಕೆ ಒಗ್ಗಿಸಿದರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಟೀಚರ್ ಒಬ್ಬರೇ. ಮಕ್ಕಳನ್ನು ಗುಂಪು ಮಾಡುವುದು ತರಗತಿ ನೋಡಿಕೊಂಡಲ್ಲ. ಟೀಚರ್ ಪೂರ್ತಿ ಜೊತೆಗಿರಬೇಕಾದವರು ಒಂದು ಕಡೆ, ಸ್ವಲ್ಪ ಸಹಾಯ ಸಾಕಾದವರು ಇನ್ನೊಂದು ಕಡೆ, ಜೊತೆಯ ಮಕ್ಕಳ ಸಹಾಯದಿಂದ ಮಾಡುವವರು ಮತ್ತೊಂದು ಕಡೆ, ತಾವೇ ಮಾಡಿಕೊಳ್ಳುವವರು ಮಗದೊಂದು ಕಡೆ. ಹೀಗೆ ಟೀಚರ್‌ಗೆ ಎಲ್ಲರ ಪಕ್ಕದಲ್ಲೂ ಏಕಕಾಲಕ್ಕೆ ಇರುವ ಪಾಡಿಲ್ಲ.

ನಿಮ್ಮ ಮನೆಗೂ ಇದೇ ಲೆಕ್ಕ. ಪುಸ್ತಕ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ವಿಷಯಕ್ಕೆ ಮಗುವಿನ ಪಕ್ಕ ನಾನು ಕೂರಲೇಬೇಕಾ, ಇಲ್ಲವಾ? ಕೂರಲೇಬೇಕಾದ್ದು ಎರಡೇ. ಒಂದು ಗಣಿತ, ಇನ್ನೊಂದು ಓದು-ಬರಹ. ಇವು ಮೆಟ್ಟಿಲು ಮೆಟ್ಟಿಲಾಗಿ ಹೋಗುವಂಥವು. ಭಾಗಾಕಾರ ಗೊತ್ತಿಲ್ಲದೆ ಭಿನ್ನರಾಶಿ ಬರುವುದಿಲ್ಲ. ಇವೆರಡಕ್ಕೆ ಮೂವರಿಗೂ ಬೇರೆ ಬೇರೆ ಪುಸ್ತಕ ಬೇಕೇ ಬೇಕು. ವಿಜ್ಞಾನ, ಇತಿಹಾಸ, ಭೂಗೋಳ, ಚಿತ್ರ, ಹಾಡು ಇವೆಲ್ಲ ಹಾಗಲ್ಲ. ಮೂವರೂ ಒಟ್ಟಿಗೆ ಕೂತು ಕಲಿಯಬಹುದು. ಮಾಡುವ ಕೆಲಸ ಮಾತ್ರ ವಯಸ್ಸಿಗೆ ತಕ್ಕಂತೆ ಬೇರೆ.

ಮೊದಲು ಗಣಿತದ ವಿಷಯ. ಇಲ್ಲಿ ಬೆರಕೆ ಬೇಡ. ನಿಮ್ಮ ಮಗನಿಗೆ ಈಗ ಎನ್‌ಸಿಇಆರ್‌ಟಿ, ಸಿಂಗಪುರ, ಆ್ಯಪ್ ಮೂರೂ ನಡೆಯುತ್ತಿವೆ. ಒಂದೊಂದರಲ್ಲಿ ಪಾಠದ ಕ್ರಮ ಒಂದೊಂದು ಥರ. ಒಂದರಲ್ಲಿ ಈಗಷ್ಟೇ ಕಲಿತದ್ದು ಇನ್ನೊಂದರಲ್ಲಿ ಮತ್ತೆ ಬರುತ್ತದೆ, ಒಂದರಲ್ಲಿ ಬಿಟ್ಟುಹೋದದ್ದನ್ನು ಇನ್ನೊಂದು ‘ಗೊತ್ತಿದೆ’ ಅಂದುಕೊಂಡು ಮುಂದೆ ಹೋಗುತ್ತದೆ. ಮಗು ದಡ್ಡ ಅಂತ ನಮಗೆ ಅನ್ನಿಸಿಬಿಡುವುದು ಇಂಥ ಕಡೆಯೇ. ಸಿಂಗಪುರದ್ದು ಅವನಿಗೆ ಹಿಡಿಸಿದ್ದರೆ ಅದನ್ನೇ ಇಟ್ಟುಕೊಳ್ಳಿ. ವಸ್ತು ಹಿಡಿದು ನೋಡು, ಆಮೇಲೆ ಚಿತ್ರ ಬರಿ, ಆಮೇಲೆ ಅಂಕಿ ಬರಿ ಅನ್ನುವ ಅದರ ಕ್ರಮ 8 ವರ್ಷದವನಿಗೆ ಚೆನ್ನಾಗಿದೆ. ಡಾಲರ್ ಇದ್ದಲ್ಲಿ ರೂಪಾಯಿ ಮಾಡಿಕೊಳ್ಳಿ. ಸಾವಿರ ದಾಟಿದ ಮೇಲೆ ಲಕ್ಷ, ಕೋಟಿ ಅದರಲ್ಲಿ ಬರುವುದಿಲ್ಲ. 1,00,000 ಅಂತ ನಾವು ಅಲ್ಪವಿರಾಮ ಹಾಕುವ ರೀತಿಯನ್ನು ನೀವೇ ಹೇಳಿಕೊಡಬೇಕು. ಎನ್‌ಸಿಇಆರ್‌ಟಿ ಗಣಿತ ಸದ್ಯಕ್ಕೆ ಅಟ್ಟಕ್ಕೆ ಹೋಗಲಿ. ಆ್ಯಪ್ ಬೇಕಿದ್ದರೆ ಮಗ್ಗಿ ಅಭ್ಯಾಸಕ್ಕೆ ಅಷ್ಟೇ.

ದೊಡ್ಡವಳ ಗಣಿತ ಬದಲಿಸಿ ಅಂತಲೇ ಹೇಳುತ್ತೇನೆ. ಅಮೆರಿಕದ ಪುಸ್ತಕದಲ್ಲಿ ಇಂಚು, ಪೌಂಡ್, ಫ್ಯಾರನ್‌ಹೀಟ್, ಡೈಮು, ಕ್ವಾರ್ಟರು. ಮೂರು ವರ್ಷದಲ್ಲಿ ಅವಳು ಇಲ್ಲಿನ ಯಾವುದೋ ಬೋರ್ಡ್ ಪರೀಕ್ಷೆಯ ಕಡೆ ತಿರುಗಬೇಕು. ಆರನೇ ತರಗತಿಯ ಎನ್‌ಸಿಇಆರ್‌ಟಿ ಅಥವಾ ರಾಜ್ಯದ ಗಣಿತ ಪುಸ್ತಕ ಹಿಡಿಯಲಿ. ಎರಡೂ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತವೆ. ಶುರು ಮಾಡುವ ಮೊದಲು ಐದನೆಯ ಪುಸ್ತಕದ ಕೊನೆಯ ಅಧ್ಯಾಯಗಳಿಂದ ಒಂದಿಷ್ಟು ಲೆಕ್ಕ ಕೊಟ್ಟು ನೋಡಿ. ತಡವರಿಸಿದರೆ ಐದರಿಂದಲೇ ಶುರು. ಪುಸ್ತಕದ ಮೇಲೆ ಬರೆದ ತರಗತಿಯ ಅಂಕಿಗೆ ಮರ್ಯಾದೆ ಕೊಡಬೇಕಾದ ಬಾಧೆ ಹೋಮ್‌ಸ್ಕೂಲಿಂಗ್‌ನಲ್ಲಿ ಇಲ್ಲ, ಅಲ್ವಾ?

ಚಿಕ್ಕವಳಿಗೆ ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಪಾಠ ಬೇಡ. ಶಿಕ್ಷಣ ಹಕ್ಕು ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದೇ 6 ವರ್ಷದಿಂದ. ಮಾಂಟೆಸ್ಸರಿ ಮಣಿಗಳು ಚೆನ್ನಾಗಿವೆ, ಇರಲಿ. ಅಕ್ಷರಕ್ಕೆ ಮಾತ್ರ ಅ ಆ ಇ ಈ ಅಂತ ಉರು ಹೊಡೆಸಬೇಡಿ. ನಲಿ-ಕಲಿಯಲ್ಲಿ ‘ರ ಗ ಸ ದ ಅ’ದಿಂದ ಶುರು ಮಾಡುತ್ತಾರೆ. ಐದೇ ಅಕ್ಷರಕ್ಕೆ ಮಗು ಅರಸ, ಅಗಸ, ಸರಸರ, ಗರಗಸ ಅಂತ ಓದಿಬಿಡುತ್ತದೆ. ಕೊಂಬು, ದೀರ್ಘ, ಒತ್ತು ಯಾವುದರ ಕಾಟವೂ ಇಲ್ಲ. ಐದು ವರ್ಷದವಳಿಗೆ ‘ನಾನು ಓದಿದೆ’ ಅನ್ನುವ ಜಂಬ ಬಂದರೆ ಅರ್ಧ ಕೆಲಸ ಆಯಿತು. ಓದುವ ಪುಸ್ತಕಗಳಲ್ಲಿ ಎಷ್ಟು ಬೆರಕೆ ಮಾಡಿದರೂ ನಡೆಯುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳು ಹಂತ ಹಂತವಾಗಿ ಜೋಡಿಸಿ ಸಿಗುತ್ತವೆ, ದುಡ್ಡಿಲ್ಲದೆ. ಎಷ್ಟೋ ಕಥೆಗಳು ಇಂಗ್ಲಿಷಿನಲ್ಲೂ ಇವೆ. ಒಂದೇ ಕಥೆಯನ್ನು ಮಗ ಕನ್ನಡದಲ್ಲಿ, ದೊಡ್ಡವಳು ಇಂಗ್ಲಿಷಿನಲ್ಲಿ ಓದಲಿ.

ಈಗ ಒಟ್ಟಿಗೆ ಕಲಿಯುವ ಭಾಗ. ಇದಕ್ಕೆ ನೀವು ಯಾವ ಪುಸ್ತಕವನ್ನೂ ಕೊಳ್ಳಬೇಕಾಗಿಲ್ಲ. ಮನೆ ಹಿಂದೆ ಅಡಿಕೆ ತೋಟ ಇಟ್ಟುಕೊಂಡು ಅಮೆರಿಕದಿಂದ ವಿಜ್ಞಾನದ ಪೆಟ್ಟಿಗೆ ತರಿಸಿದ್ದೀರಿ, ಬೈಯಬೇಕೋ ನಗಬೇಕೋ ಗೊತ್ತಾಗುತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಮಾವ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಔಷಧಿ ಹೊಡೆಸುತ್ತಾರಲ್ಲ, ಅದನ್ನೇ ಒಂದು ತಿಂಗಳ ಪಾಠ ಮಾಡಿ. ಆ ಔಷಧಿಯೇ ಬೋರ್ಡೋ ದ್ರಾವಣ. ಒಂದು ಪರ್ಸೆಂಟ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ‘ಎರಡು ಡ್ರಮ್ಮಿಗೆ ಎಷ್ಟು? 30 ಲೀಟರಿಗೆ ಎಷ್ಟು?’ ಶೇಕಡ ಅಂದರೇನು ಅಂತ ದೊಡ್ಡವಳಿಗೆ ಇದಕ್ಕಿಂತ ಚೆನ್ನಾಗಿ ಯಾವ ವರ್ಕ್‌ಬುಕ್ಕೂ ಹೇಳಿಕೊಡುವುದಿಲ್ಲ. ಹದ ಸರಿಯಾಗಿದೆಯಾ ಅಂತ ನೋಡಲು ಹಳಬರು ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡುತ್ತಿದ್ದರು. ಚಾಕುವಿನ ಮೇಲೆ ಕೆಂಪು ಕೂತರೆ ಸುಣ್ಣ ಕಡಿಮೆ ಅಂತ ಅರ್ಥ. ಆ ಕೆಂಪು ತಾಮ್ರ. ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರ ನಿಮ್ಮ ಅಂಗಳದಲ್ಲೇ ನಡೆಯುತ್ತದೆ. ಮೈಲುತುತ್ತ ವಿಷ, ಮಕ್ಕಳು ಕೈ ಹಾಕುವುದು ಬೇಡ. ಚಿಕ್ಕವಳು ಜಗಲಿಯಿಂದ ಈಚೆಗೇ ಇರಲಿ. ಅವಳಿಗೆ ಅರಿಶಿನ ಹಚ್ಚಿದ ಕಾಗದದ ಮೇಲೆ ಒಂದು ಹನಿ ಸುಣ್ಣದ ತಿಳಿ ಬಿಟ್ಟು ತೋರಿಸಿ. ಕೆಂಪಾದದ್ದು ನೋಡಿ ಇನ್ನೊಂದು, ಇನ್ನೊಂದು ಅನ್ನುತ್ತಾಳೆ.

ಮಗನಿಗೆ ಮಳೆ ಅಳೆಯುವ ಕೆಲಸ ಕೊಡಿ. ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು ಸಾಕು. ದಿನಾ ಬರೆದಿಡಲಿ. ಕೊಳೆರೋಗಕ್ಕೂ ಬಿಡದೆ ಸುರಿಯುವ ಮಳೆಗೂ ಏನು ಸಂಬಂಧ ಅಂತ ಅಜ್ಜನನ್ನು ಕೇಳಿ ಬರೆದುಕೊಳ್ಳಲಿ. ಅದೇ ಅವನ ಕನ್ನಡ ಬರಹವೂ ಆಯಿತು. ಇತಿಹಾಸ ಬೇಕಾದರೆ ಅದೂ ಇಲ್ಲೇ ಇದೆ. ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಕೊಳೆರೋಗದ ಬಗ್ಗೆ 1910ರಲ್ಲೇ ಬರೆದರು. ದ್ರಾಕ್ಷಿಗೆ ಅಂತ ಫ್ರಾನ್ಸಿನಲ್ಲಿ ಹುಟ್ಟಿದ ಈ ಬೋರ್ಡೋ ದ್ರಾವಣ ಮಲೆನಾಡಿನ ಅಡಿಕೆ ಗೊನೆಗೆ ಹೇಗೆ ಬಂತು ಅಂತ ನಕ್ಷೆ ಮುಂದಿಟ್ಟುಕೊಂಡು ದೊಡ್ಡವಳು ಹುಡುಕಲಿ.

ಚಳಿಗಾಲಕ್ಕೆ ಅಡಿಕೆ ಗೊನೆ ಕೊಯ್ಲು ಇದೆ, ಸುಲಿಯುವುದಿದೆ, ಚಾಲಿ (ಒಣಗಿಸಿದ ಬಿಳಿ ಅಡಿಕೆ), ಕೆಂಪಡಿಕೆ (ಬೇಯಿಸಿದ್ದು) ಇವುಗಳ ಧಾರಣೆ ಇದೆ. ಅದು ನಿಮಗೆ ಬಿಟ್ಟದ್ದು.

ಹಾಗಂತ ಅಮೆರಿಕದ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. ಅದರಲ್ಲಿನ ಕಥೆ ಪುಸ್ತಕಗಳನ್ನು ತೆಗೆದಿಟ್ಟುಕೊಳ್ಳಿ. ಮಧ್ಯಾಹ್ನ ನೀವು ಜೋರಾಗಿ ಓದಿ, ಮೂವರೂ ಕೇಳಲಿ. ವಿಜ್ಞಾನದ ಪ್ರಯೋಗಗಳಲ್ಲಿ ಬೇಕಾದ್ದು ಆರಿಸಿಕೊಳ್ಳಿ. ಅಲ್ಲಿನ ಹೋಮ್‌ಸ್ಕೂಲ್ ಪುಸ್ತಕಗಳಲ್ಲಿ ಬಹಳಷ್ಟು ಕ್ರೈಸ್ತ ಧರ್ಮದ ನೆಲೆಯಲ್ಲಿ ಬರೆದವು. ಭೂಮಿಯ ವಯಸ್ಸು, ಜೀವವಿಕಾಸದಂಥ ಪಾಠಗಳನ್ನು ಕೊಡುವ ಮೊದಲು ನೀವೊಮ್ಮೆ ಓದಿ ನೋಡಿ. ‘ಇಷ್ಟು ದುಡ್ಡು ಕೊಟ್ಟಿದ್ದೇವೆ, ಮುಗಿಸಲೇಬೇಕು’ ಅನ್ನುವ ಯೋಚನೆ ಬಿಡಿ. ದುಡ್ಡು ಹೋಗಿದ್ದು ಹೋಯಿತು. ಮಗಳ ವರ್ಷವೂ ಅದರ ಹಿಂದೆ ಹೋಗಬೇಕಾ?

ವೇಳಾಪಟ್ಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಮೊದಲು ಚಿಕ್ಕವಳ ಹತ್ತಿರ ಕೂರಿ, ಯಾಕೆಂದರೆ ಗಲಾಟೆ ಮಾಡುವುದು ಅವಳೇ. ಅಮ್ಮ ಸಿಕ್ಕಿದಳು ಅಂತ ಸಮಾಧಾನವಾದರೆ ಆಮೇಲೆ ಅವಳ ಪಾಡಿಗೆ ಅವಳು ಆಡಿಕೊಳ್ಳುತ್ತಾಳೆ. ಅದಾದ ಮೇಲೆ ಮಗ. ಅಷ್ಟು ಹೊತ್ತು ದೊಡ್ಡವಳು ತಾನೇ ಮಾಡಿಕೊಳ್ಳುವ ಕೆಲಸ ಇಟ್ಟುಕೊಂಡಿರಲಿ. ವಿಜ್ಞಾನಕ್ಕೆ ಸೋಮವಾರ, ಇತಿಹಾಸಕ್ಕೆ ಮಂಗಳವಾರ ಅಂತ ಗಂಟು ಹಾಕಬೇಡಿ. ಸೋಮವಾರ ಮನೆಗೆ ನೆಂಟರು ಬಂದರೆ ಆ ವಾರದ ವಿಜ್ಞಾನವೇ ಹೋಯಿತು. ಸರದಿ ಮಾಡಿಕೊಳ್ಳಿ. ನಿನ್ನೆ ಎಲ್ಲಿಗೆ ನಿಂತಿತೋ ಇವತ್ತು ಅಲ್ಲಿಂದ ಮುಂದೆ.

ಇನ್ನು ಯಜಮಾನರ ವಿಷಯ. ಪುಸ್ತಕ ಆರ್ಡರ್ ಮಾಡುವುದರಲ್ಲಿ ಅವರ ಪಾಲು ಕಾಣುತ್ತದೆ, ಪಾಠದಲ್ಲಿ ಕಾಣಲಿಲ್ಲ. ಮನೆಯಿಂದಲೇ ಕೆಲಸ ಮಾಡುವವರು ದಿನಕ್ಕೆ ಮುಕ್ಕಾಲು ಗಂಟೆ ಕೊಡಲಾರರಾ? ದೊಡ್ಡವಳ ಗಣಿತ ಪೂರ್ತಿ ಅವರ ಜವಾಬ್ದಾರಿ ಆಗಲಿ. ‘ಸ್ವಲ್ಪ ಸಹಾಯ ಮಾಡಿ’ ಅಂತ ಕೇಳಬೇಡಿ. ವಿಷಯವನ್ನೇ ಬಿಟ್ಟುಕೊಡಿ, ಪುಸ್ತಕ ಆರಿಸುವುದರಿಂದ ತಿದ್ದುವವರೆಗೆ. ನಡುವೆ ನೀವು ಇಣುಕಬೇಡಿ.

ಕೊನೆಗೆ, ನಿಮ್ಮ ನಿದ್ದೆ ಕೆಡಿಸಿದ ಮಾತು. 11 ವರ್ಷದ ಹುಡುಗಿ ‘ಸ್ಕೂಲೇ ಚೆನ್ನಾಗಿತ್ತು’ ಅಂದರೆ ಅದಕ್ಕೆ ಹಲವು ಅರ್ಥ ಇರಬಹುದು. ಗೆಳತಿಯರ ನೆನಪಿರಬಹುದು. ಆಟ ಇರಬಹುದು. ತಮ್ಮ ತಂಗಿಯನ್ನು ನೋಡಿಕೊಂಡು ಸಾಕಾಗಿರಬಹುದು. ಅಮ್ಮನಿಗೆ ಬಿಡುವಿಲ್ಲ ಅಂತ ದೊಡ್ಡವಳನ್ನೇ ಅರ್ಧ ಟೀಚರ್ ಮಾಡುವುದು ಇಂಥ ಮನೆಗಳಲ್ಲಿ ತೀರಾ ಸಾಮಾನ್ಯ. ದಿನಾ ಕಾಲು ಗಂಟೆ ತಂಗಿಗೆ ಕಥೆ ಓದಿ ಹೇಳಲಿ, ಅದರಿಂದ ಇಬ್ಬರಿಗೂ ಒಳ್ಳೆಯದು. ಅದಕ್ಕಿಂತ ಜಾಸ್ತಿ ಬೇಡ. ಉಳಿದದ್ದನ್ನು ಅವಳನ್ನೇ ಕೇಳಿ. ಕೇಳುವಾಗ ಹೋಮ್‌ಸ್ಕೂಲಿಂಗ್ ಪರವಾಗಿ ವಕಾಲತ್ತು ಮಾಡಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಜೊತೆಗಾರರು ಬೇಕು ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ. 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೆಗ್ಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ, ನೀನಾಸಮ್ ನಾಟಕಗಳಿಗೆ ಕರೆದುಕೊಂಡು ಹೋಗಿ.

ಇಷ್ಟಾದ ಮೇಲೂ ಶಾಲೆಯೇ ಬೇಕು ಅಂದಳಾ? ಕಳಿಸಿ. ಒಬ್ಬಳು ಶಾಲೆಗೆ, ಇಬ್ಬರು ಮನೆಯಲ್ಲಿ ಅಂದರೆ ಏನೂ ಕೊಳ್ಳೆ ಹೋಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ನಾಲ್ಕನೆಯದಕ್ಕೆ ಹಿಂದೆ ತಳ್ಳುವಂತಿಲ್ಲ. ಅದೇ ಕಾಯ್ದೆ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅನ್ನುತ್ತದೆ, ಸೇರಿಸದವರಿಗೆ ದಂಡ ಮಾತ್ರ ಹೇಳಿಲ್ಲ. ಅತ್ತೆಯವರ ಮಾತಿಗೆ ಇಷ್ಟು ಬಲ ಇದೆ ಅನ್ನುವುದು ನಿಮಗೂ ಗೊತ್ತಿರಲಿ.

ಮನೆಯಲ್ಲೇ ಇರುತ್ತೇನೆ ಅಂದರೆ 14 ತುಂಬಿದ ಮೇಲೆ ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ಕನಿಷ್ಠ ಐದು ವಿಷಯ. ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಮುಗಿಸಲು ಐದು ವರ್ಷ ಸಮಯ ಇದೆ. ಗಣಿತ ಅಲ್ಲಿ ಕಡ್ಡಾಯವಲ್ಲ, ಆದರೆ ಮುಂದೆ ಪಿಯುಸಿ ಸೈನ್ಸ್ ಯೋಚನೆ ಇದ್ದರೆ ಬಿಡಬೇಡಿ. ಐಜಿಸಿಎಸ್‌ಇ (ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ) ಬೇಕು ಅಂತ ಯಜಮಾನರು ಹೇಳಿದರೆ ವಿಷಯಕ್ಕೆ ಇಷ್ಟು ಅಂತ ಶುಲ್ಕ ಎಷ್ಟಾಗುತ್ತದೆ, ಹೊರಗಿನ ಅಭ್ಯರ್ಥಿಯನ್ನು ಒಪ್ಪುವ ಕೇಂದ್ರ ಯಾವ ಊರಿನಲ್ಲಿದೆ ಅಂತ ಅವರೇ ವಿಚಾರಿಸಿಕೊಂಡು ಬರಲಿ. ಬೆಂಗಳೂರಿನ ಶಾಲೆಯಿಂದ ಟಿ.ಸಿ. ತಂದಿದ್ದೀರಾ? ಇಲ್ಲದಿದ್ದರೆ ಮುಂದಿನ ಸಲ ಹೋದಾಗ ಮರೆಯದೆ ತನ್ನಿ. ಅದರಲ್ಲೂ, ಜನನ ಪ್ರಮಾಣಪತ್ರದಲ್ಲೂ, ಆಧಾರ್‌ನಲ್ಲೂ ಮಗಳ ಹೆಸರಿನ ಕಾಗುಣಿತ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.