ಲ್ಯಾಂಗಮ್ ಹೋಟೆಲ್‌ನಲ್ಲಿ ದೆವ್ವ ಇದ್ಯಾ?

ಪ್ರಶ್ನೆ: ಲಂಡನ್ನಿನ ಲ್ಯಾಂಗಮ್ ಹೋಟೆಲಲ್ಲಿ ದೆವ್ವ ಕಂಡು ಇಂಗ್ಲೆಂಡ್ ಕ್ರಿಕೆಟಿಗರು ಹೆದರಿದ್ರಂತೆ, ನಿಜಾನಾ ಸಾರ್? ಯುದ್ಧದಲ್ಲಿ ಅಲ್ಲಿ ಬಾಂಬ್ ಬಿದ್ದು ಸತ್ತೋರ ಆತ್ಮಾನಾ ಅದು?

ಉತ್ತರ: ಹೆದರಿದ್ದಂತೂ ನಿಜ ಮಾರಾಯ್ರೆ. 2014ರಲ್ಲಿ ಸ್ಟುವರ್ಟ್ ಬ್ರಾಡ್ ತಾನೇ ಪೇಪರ್‌ನೋರಿಗೆ ಹೇಳಿದ್ದು, ರಾತ್ರಿ ಬಾತ್‌ರೂಮಿನ ನಲ್ಲಿಗಳು ತಾವಾಗೇ ಬಿಟ್ಕೊಂಡ್ವು, ಲೈಟ್ ಹಾಕಿದ್ರೆ ನಿಂತ್ವು, ಆರಿಸಿದ್ರೆ ಮತ್ತೆ ಶುರು, ಕೊನೆಗೆ ರೂಮ್ ಚೇಂಜ್ ಮಾಡಿಸ್ಕೊಂಡ ಅಂತ. ನಂಗೇನೋ ಪ್ಲಂಬರ್ ಕೆಲಸ ಅನ್ಸುತ್ತೆ, ಇರ್ಲಿ.

1865ರಲ್ಲಿ ಶುರುವಾದ ಹೋಟೆಲ್ ಅದು. 1940ರಲ್ಲಿ ಜರ್ಮನ್ ಬಾಂಬ್ ದಾಳಿಗೆ ಒಂದು ಭಾಗ ಹಾಳಾಯ್ತು, ದೊಡ್ಡ ನೀರಿನ ಟ್ಯಾಂಕ್ ಒಡೆದು ಒಳಗೆಲ್ಲ ನೀರು ನುಗ್ಗಿ ಮುಚ್ಚೇಬಿಟ್ರು, ಆಮೇಲೆ ಎದುರಿಗಿದ್ದ ಬಿಬಿಸಿ ಕೈಗೆ ಹೋಗಿ, ಮತ್ತೆ ಹೋಟೆಲ್ ಆಗಿದ್ದು 1991ಕ್ಕೆ. ತಮಾಷೆ ಅಂದ್ರೆ ಅಲ್ಲಿನ ಫೇಮಸ್ ದೆವ್ವಗಳು ಬಾಂಬಿಗೆ ಸತ್ತೋರದ್ದಲ್ಲ, ಒಂದು ಕಿಟಕಿಯಿಂದ ಹಾರಿದ ಜರ್ಮನ್ ರಾಜಕುಮಾರನದ್ದಂತೆ, ಇನ್ನೊಂದು 333ನೇ ರೂಮಿಂದು. 1973ರಲ್ಲಿ ಅಲ್ಲಿ ಮಲಗಿದ್ದ ಬಿಬಿಸಿ ಅನೌನ್ಸರ್ ಒಬ್ರಿಗೆ ಬೆಳಕಿನ ಉಂಡೆಯೊಂದು ನಿಧಾನಕ್ಕೆ ಹಳೇ ಕಾಲದ ಕೋಟು ಹಾಕಿದ ಮನುಷ್ಯನಾಗಿ ಕಾಣಿಸ್ತಂತೆ, ಕಾಲಿನ ಕೆಳಭಾಗವೇ ಇರ್ಲಿಲ್ವಂತೆ! ಈಗ ಆ ರೂಮೇ ಬೇಕು ಅಂತ ಕೇಳ್ಕೊಂಡು ಹೋಗೋರೂ ಇದಾರೆ.