ನಡುಸಮುದ್ರದಲ್ಲಿ ಹಡಗು ಎಣ್ಣೆ ನೀರು ಬಿಟ್ಟರೆ ಕಂಪನಿ ಸಿಕ್ಕಿಬೀಳುವುದು ಹೇಗೆ?

‘ನಡುಸಮುದ್ರದಲ್ಲಿ ಯಾರು ನೋಡುತ್ತಾರೆ?’ ಎಂದು ಕೇಳಿದ್ದೀರಿ. ಹೆಚ್ಚಾಗಿ ಯಾರೂ ನೋಡುವುದಿಲ್ಲ. ಕಂಪನಿಗಳು ಸಿಕ್ಕಿಬೀಳುವುದು ಬಂದರಿಗೆ ಬಂದಮೇಲೆ, ಲೆಕ್ಕದ ಪುಸ್ತಕದಲ್ಲಿ.

ಪಂಪು, ಪೈಪುಗಳಿಂದ ಸೋರಿದ ನೀರು, ಇಂಧನ, ಲೂಬ್ ಆಯಿಲ್ ಎಲ್ಲ ಎಂಜಿನ್ ರೂಮಿನ ತಳ ಸೇರುತ್ತದೆ. ಅದೇ ಬಿಲ್ಜ್. 400 ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳು ಇದನ್ನು ಸೆಪರೇಟರ್‌ನಲ್ಲಿ (ಎಣ್ಣೆ, ನೀರು ಬೇರ್ಪಡಿಸುವ ಯಂತ್ರ) ಹಾಯಿಸಿ, ಎಣ್ಣೆ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಮೀರದಂತೆ, ಸಾಗುತ್ತಿರುವಾಗ ಮಾತ್ರ ಹೊರಬಿಡಬೇಕು ಎನ್ನುತ್ತದೆ ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದ. ದೊಡ್ಡ ಹಡಗಿನಲ್ಲಿ ಎಣ್ಣೆ ಅಳೆಯುವ ಮೀಟರ್ 15 ದಾಟಿದರೆ ಅಲಾರಂ ಹೊಡೆದು ಹೊರಹರಿವು ತಾನಾಗಿ ನಿಲ್ಲಬೇಕು.

ತೊಂದರೆ ಶುರುವಾಗುವುದು ಇಲ್ಲೇ. ಎಂಜಿನ್ ರೂಮ್ ತೊಳೆದ ಸೋಪು ಬಿಲ್ಜಿಗೆ ಇಳಿದರೆ ಎಣ್ಣೆ ನೀರಿನಲ್ಲಿ ಹಾಲಿನಂತೆ ಬೆರೆತುಬಿಡುತ್ತದೆ, ಸೆಪರೇಟರ್‌ಗೆ ಬಿಡಿಸಲಾಗದು. ತುಕ್ಕಿನ ಪುಡಿಯನ್ನೂ ಮೀಟರ್ ಎಣ್ಣೆ ಎಂದೇ ಓದಬಹುದು. ಟ್ಯಾಂಕು ತುಂಬುತ್ತಾ ಬರುತ್ತದೆ. ಫಿಲ್ಟರ್ ಬದಲಿಸುವುದಕ್ಕೂ ಬಂದರಿನಲ್ಲಿ ಇಳಿಸುವುದಕ್ಕೂ ದುಡ್ಡು ಬೇಕು. ಆಗ ಹುಟ್ಟುವುದೇ ‘ಮ್ಯಾಜಿಕ್ ಪೈಪ್’: ಸೆಪರೇಟರನ್ನು ತಪ್ಪಿಸಿ ನೇರ ಸಮುದ್ರಕ್ಕೆ ಹೋಗುವ ಕಳ್ಳ ಜೋಡಣೆ.

ಪ್ರಿನ್ಸೆಸ್ ಕ್ರೂಸ್ ಕಂಪನಿಯ ಪ್ರಕರಣ ನೋಡಿ. 2013ರ ಆಗಸ್ಟ್‌ನಲ್ಲಿ ‘ಕೆರಿಬಿಯನ್ ಪ್ರಿನ್ಸೆಸ್’ ಇಂಗ್ಲೆಂಡ್ ಕರಾವಳಿಯಾಚೆ ಸುಮಾರು 16,000 ಲೀಟರ್ ಎಣ್ಣೆ ತ್ಯಾಜ್ಯ ಬಿಟ್ಟಿತು. ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬ ಸೌತಾಂಪ್ಟನ್‌ನಲ್ಲಿ ಕೆಲಸ ಬಿಟ್ಟು ಇಳಿದು ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿದ. ಹಿರಿಯ ಎಂಜಿನಿಯರುಗಳು ಮ್ಯಾಜಿಕ್ ಪೈಪ್ ಕಳಚಿಸಿ, ಸುಳ್ಳು ಹೇಳಿ ಎಂದು ಸಿಬ್ಬಂದಿಗೆ ಹೇಳಿಕೊಟ್ಟಿದ್ದರು. ಮೀಟರಿಗೆ ಅಲಾರಂ ಬಾರದಿರಲಿ ಎಂದು ಉಪ್ಪುನೀರಿನ ವಾಲ್ವ್ ತೆರೆದು ತೆಳುವಾಗಿಸುವ ಚಾಳಿಯೂ ಹೊರಬಿತ್ತು. ನೀರು ಬಿಟ್ಟದ್ದು ಬ್ರಿಟನ್ ಕಡೆ. ಅಮೆರಿಕ ಹಿಡಿದದ್ದು ಸುಳ್ಳು ಆಯಿಲ್ ರೆಕಾರ್ಡ್ ಬುಕ್ (ಎಣ್ಣೆ ತ್ಯಾಜ್ಯದ ಲೆಕ್ಕ ಬರೆಯುವ ಪುಸ್ತಕ) ಇಟ್ಟುಕೊಂಡು ತನ್ನ ಬಂದರಿಗೆ ಬಂದದ್ದಕ್ಕೆ, ತನಿಖೆಗೆ ಅಡ್ಡಿಪಡಿಸಿದ್ದಕ್ಕೆ. ದಂಡ 4 ಕೋಟಿ ಡಾಲರ್, ಜೊತೆಗೆ ಐದು ವರ್ಷದ ನ್ಯಾಯಾಲಯದ ನಿಗಾ. ಅಷ್ಟಾದರೂ 2019ರಲ್ಲಿ ನಿಗಾ ಷರತ್ತು ಮುರಿದದ್ದಕ್ಕೆ ಮಾತೃಸಂಸ್ಥೆ ಕಾರ್ನಿವಲ್ ಮತ್ತು ಪ್ರಿನ್ಸೆಸ್ ಮತ್ತೆ 2 ಕೋಟಿ ಡಾಲರ್ ಕಟ್ಟಬೇಕಾಯಿತು. ತಪಾಸಣೆಗೆ ಮುಂಚೆ ತನ್ನದೇ ತಂಡ ಕಳಿಸಿ ಹಡಗು ‘ಸರಿಮಾಡಿಸಿದ್ದೂ’ ಆರೋಪದಲ್ಲಿತ್ತು! ದಂಡವೊಂದೇ ಕಂಪನಿಯ ಬುದ್ಧಿ ತಿದ್ದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ತಪಾಸಕರ ಲೆಕ್ಕ ಸರಳ. ಭಾರಿ ಇಂಧನದ ಸುಮಾರು ಶೇ 1ರಿಂದ 1.5ರಷ್ಟು ಸ್ಲಡ್ಜ್, ಅಂದರೆ ಉರಿಸಲಾಗದ ಎಣ್ಣೆಕೆಸರು, ಆಗುತ್ತದೆ. ದಿನಕ್ಕೆ 40 ಟನ್ ಉರಿಸುವ ಹಡಗಿನಲ್ಲಿ ತಿಂಗಳಿಗೆ 12ರಿಂದ 18 ಟನ್. ಅದೆಲ್ಲಿ ಹೋಯಿತು? ಇನ್ಸಿನರೇಟರ್‌ನಲ್ಲಿ (ಹಡಗಿನ ತ್ಯಾಜ್ಯ ಸುಡುವ ಒಲೆ) ಸುಟ್ಟಿದ್ದರೆ ಅದು ಓಡಿದ ಗಂಟೆಗಳು ಹೊಂದಬೇಕು, ಇಳಿಸಿದ್ದರೆ ಬಂದರಿನ ರಸೀದಿ ಇರಬೇಕು. ಪಂಪಿನ ಸಾಮರ್ಥ್ಯ ಗಂಟೆಗೆ 5 ಘನಮೀಟರ್ ಇದ್ದು, ಪುಸ್ತಕದಲ್ಲಿ ಒಂದು ಗಂಟೆಗೆ 9 ಬರೆದಿದ್ದರೆ ಅಲ್ಲೇ ಸುಳ್ಳು. 2005ರ ನಂತರ ಕೂರಿಸಿದ ಮೀಟರುಗಳು 18 ತಿಂಗಳ ದಾಖಲೆ ಒಳಗೇ ಇಟ್ಟುಕೊಳ್ಳುತ್ತವೆ; ಪುಸ್ತಕದ ಸಮಯದೊಂದಿಗೆ ಅದನ್ನು ಹೋಲಿಸುತ್ತಾರೆ. ಫ್ಲೇಂಜಿನ (ಪೈಪುಗಳನ್ನು ಜೋಡಿಸುವ ಅಂಚುತಟ್ಟೆ) ಬೋಲ್ಟಿನ ಮೇಲೆ ಬಣ್ಣ ಕಿತ್ತುಹೋಗಿದ್ದರೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ಮಿಂಚುತ್ತಿದ್ದರೆ, ಬಿಚ್ಚಿಸುತ್ತಾರೆ. ಸಮುದ್ರಕ್ಕೆ ತೆರೆಯುವ ವಾಲ್ವಿನ ಒಳಗೆ ಬೆರಳಾಡಿಸಿದಾಗ ಜಿಡ್ಡು ಬಂದರೆ ಮುಗಿಯಿತು.

ನಿಮ್ಮ ಕಡೆಯವರು ಹಡಗಿನಲ್ಲಿದ್ದು ಇಂಥದ್ದು ಕಂಡರೆ, ಜೋಡಣೆಯ ಫೋಟೊ, ಟ್ಯಾಂಕ್ ಅಳತೆಯ ಪುಸ್ತಕದ ಪುಟ, ತಾರೀಖು, ಸಮಯ ಜೋಪಾನವಾಗಿ ಇಟ್ಟುಕೊಳ್ಳಲಿ. ಮುಂದಿನ ಬಂದರಿನ ತಪಾಸಣಾ ಅಧಿಕಾರಿಗೆ ನೇರ ತಿಳಿಸಬಹುದು. ಅಮೆರಿಕದ ಕಾನೂನಿನಲ್ಲಿ ಸುಳಿವು ಕೊಟ್ಟವರಿಗೆ ದಂಡದ ಅರ್ಧದವರೆಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಪ್ರಿನ್ಸೆಸ್ ಪ್ರಕರಣದ ಆ ಎಂಜಿನಿಯರಿಗೆ 10 ಲಕ್ಷ ಡಾಲರ್ ಸಿಕ್ಕಿತು. ಯಾರೇ ಹೇಳಿದರೂ ಸುಳ್ಳು ನಮೂದಿಗೆ ಸಹಿ ಮಾತ್ರ ಹಾಕಬೇಡಿ ಎನ್ನಿ. ಪ್ರತಿ ನಮೂದಿನ ಕೆಳಗೆ ಇರುವುದು ಆ ಅಧಿಕಾರಿಯ ಸಹಿ, ಕಂಪನಿಯದ್ದಲ್ಲ.