ಬ್ಯಾಪ್ಟಿಸ್ಟರಲ್ಲಿ ಹೆಂಗಸರು ಪಾಸ್ಟರ್ ಆಗುವಂತಿಲ್ಲ ಅನ್ನುವುದು ನಿಜವೇ?

ಬ್ಯಾಪ್ಟಿಸ್ಟರು (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಹೆಂಗಸರನ್ನು ಪಾಸ್ಟರ್, ಅಂದರೆ ಚರ್ಚಿನ ಗುರು, ಮಾಡುವುದಿಲ್ಲ ಅಂತ ಪೇಪರಿನಲ್ಲಿ ಓದಿದ್ದೀರಿ. ಆದರೆ ಅಮೆರಿಕದಲ್ಲಿರುವ ನಿಮ್ಮ ಅಕ್ಕ ಹೋಗುವ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾಸ್ಟರ್ ಹೆಂಗಸೇ. ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ.

ನಾನು ಬೆಳೆದದ್ದು ಧಾರವಾಡದಲ್ಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಕೆಲಸಕ್ಕೆ ಅಂತ ಟೆಕ್ಸಾಸ್‌ಗೆ ಬಂದು ಹನ್ನೊಂದು ವರ್ಷವಾಯಿತು. ಮನೆ ಹತ್ತಿರ ಇದ್ದದ್ದು ಬ್ಯಾಪ್ಟಿಸ್ಟ್ ಚರ್ಚ್, ಹಾಗಾಗಿ ಅಲ್ಲಿಗೇ ಹೋಗತೊಡಗಿದೆವು. ನಿಮಗೆ ಬಂದ ಗೊಂದಲವೇ ಮೊದಮೊದಲು ನನಗೂ ಬಂದಿತ್ತು. ಕಾರಣ, ಚರ್ಚ್ ಅಂದರೆ ಮೇಲೊಬ್ಬರು ಬಿಷಪ್ ಇರುತ್ತಾರೆ ಅಂತಲೇ ನಾನು ಅಂದುಕೊಂಡಿದ್ದೆ. ನಮ್ಮಲ್ಲಿ ಬಿಷಪ್ ಪಾಸ್ಟರುಗಳನ್ನು ವರ್ಗ ಮಾಡುತ್ತಾರೆ, ಸಭೆಯವರು ಸ್ವಲ್ಪ ದಿನ ಗೊಣಗಿ ಒಪ್ಪಿಕೊಳ್ಳುತ್ತಾರೆ. ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಡಬೇಕೋ ಬೇಡವೋ ಅನ್ನುವುದನ್ನು ಸಿಎಸ್‌ಐ ಮೇಲಿನ ಮಟ್ಟದಲ್ಲೇ ತೀರ್ಮಾನಿಸಿತು, ಕೊಡಬಹುದು ಅಂತ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪ್ಪೇ ಆದರು. ಹಾಗಂತ ನಮ್ಮ ಕಡೆ ಎಲ್ಲರ ತಲೆಯೂ ಬದಲಾಗಿದೆ ಅಂದುಕೊಳ್ಳಬೇಡಿ. ನಮ್ಮಜ್ಜಿಯ ಬಾಯಲ್ಲಿ ಕೊನೆತನಕ ‘ಪಾಸ್ಟರಮ್ಮ’ ಅಂದರೆ ಪಾಸ್ಟರ ಹೆಂಡತಿಯೇ.

ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ. ಪ್ರತಿ ಚರ್ಚೂ ತನಗೆ ತಾನೇ ಯಜಮಾನ. ಪಾಸ್ಟರನ್ನು ಹುಡುಕುವುದು, ಸಂದರ್ಶನ ಮಾಡುವುದು, ಓಟು ಹಾಕಿ ಆರಿಸುವುದು, ಬೇಡವಾದರೆ ಕಳಿಸುವುದು ಎಲ್ಲ ಆ ಸಭೆಯವರದೇ ಕೆಲಸ. ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಡುವ ಹಕ್ಕೂ ಅವರದೇ. ಇಂಥ ಚರ್ಚುಗಳು ಮಿಷನರಿಗಳನ್ನು ಕಳಿಸಲಿಕ್ಕೆ, ಪಾಸ್ಟರುಗಳನ್ನು ತಯಾರು ಮಾಡುವ ಸೆಮಿನರಿ ನಡೆಸಲಿಕ್ಕೆ ಅಂತ ಸೇರಿ ಒಕ್ಕೂಟ ಮಾಡಿಕೊಂಡಿವೆ. ಒಕ್ಕೂಟ ಒಂದಲ್ಲ, ಹಲವು. ಪೇಪರಿನಲ್ಲಿ ಬರುವುದು ಅವುಗಳಲ್ಲೆಲ್ಲ ದೊಡ್ಡದಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಸುದ್ದಿ. ಅದರಲ್ಲಿ ಸುಮಾರು 47,000 ಚರ್ಚುಗಳಿವೆ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದೇ ಅನ್ನುವ ಜಗಳದಲ್ಲಿ ದಕ್ಷಿಣದವರು ಬೇರೆಯಾಗಿ 1845ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಕಟ್ಟಿದ ಒಕ್ಕೂಟ ಅದು. ಗುಲಾಮಗಿರಿಯ ಪರ ನಿಂತದ್ದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನೂರೈವತ್ತು ವರ್ಷ ಹಿಡಿಯಿತು ನೋಡಿ.

ಈ ಒಕ್ಕೂಟಕ್ಕೆ ಯಾವ ಚರ್ಚಿನ ಪಾಸ್ಟರನ್ನೂ ತೆಗೆಯುವ ಅಧಿಕಾರ ಇಲ್ಲ. ಕಟ್ಟಡಕ್ಕೆ ಬೀಗ ಹಾಕಲೂ ಬರುವುದಿಲ್ಲ. ಅದರ ಕೈಯಲ್ಲಿ ಇರುವುದು ಒಂದೇ: ‘ನೀವು ನಮ್ಮವರಲ್ಲ’ ಅಂತ ಹೇಳುವುದು. ಈಗ ನಡೆಯುತ್ತಿರುವ ಜಗಳವೆಲ್ಲ ಆ ಒಂದು ಮಾತನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನುವುದರ ಮೇಲೆ.

ಹೆಂಗಸರ ವಿಷಯದಲ್ಲಿ ಇವರ ತಕರಾರು ಬಹಳ ಹಳೆಯದು. 1885ರಲ್ಲಿ ಅರ್ಕಾನ್ಸಾಸ್‌ನಿಂದ ಇಬ್ಬರು ಹೆಂಗಸರು ವಾರ್ಷಿಕ ಸಭೆಗೆ ಪ್ರತಿನಿಧಿಗಳಾಗಿ ಬಂದರು. ನಿಯಮದಲ್ಲಿ ‘ಸದಸ್ಯರು’ ಅಂತಷ್ಟೇ ಇತ್ತು, ಗಂಡಸರೇ ಆಗಿರಬೇಕು ಅಂತ ಇರಲಿಲ್ಲ. ಏನು ಮಾಡಿದರು ಗೊತ್ತಾ? ನಿಯಮವನ್ನೇ ತಿದ್ದಿ ‘ಸಹೋದರರು’ ಅಂತ ಬರೆದರು. ಹೆಂಗಸರು ಪ್ರತಿನಿಧಿಗಳಾಗಿ ಒಳಗೆ ಬಂದದ್ದು 1918ರ ನಂತರವೇ. ಈ ಮಧ್ಯೆ ಚೀನಾದಲ್ಲಿ ಸುಮಾರು 40 ವರ್ಷ ದುಡಿದು 1912ರಲ್ಲಿ ತೀರಿಕೊಂಡ ಲಾಟಿ ಮೂನ್ ಅನ್ನುವ ಮಿಷನರಿಯ ಹೆಸರಿನಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಕಾಣಿಕೆ ಎತ್ತುವ ಪದ್ಧತಿ ಬೆಳೆಯಿತು. ಇವತ್ತಿಗೂ ಒಕ್ಕೂಟದ ಹೊರದೇಶದ ಕೆಲಸಕ್ಕೆ ದೊಡ್ಡ ದುಡ್ಡು ಬರುವುದು ಆ ಹೆಂಗಸಿನ ಹೆಸರಿನಿಂದಲೇ. ನಮ್ಮ ಚರ್ಚಿನಲ್ಲೂ ಡಿಸೆಂಬರ್‌ನಲ್ಲಿ ಆಕೆಯ ಫೋಟೊ ಇರುವ ಕವರ್ ಕೊಡುತ್ತಾರೆ. ಕೊಟ್ಟಾಗಲೆಲ್ಲ ನನಗೆ 1885ರ ಆ ಇಬ್ಬರು ನೆನಪಾಗುತ್ತಾರೆ.

ಸದರ್ನ್ ಬ್ಯಾಪ್ಟಿಸ್ಟರಲ್ಲಿ ಮೊದಲು ದೀಕ್ಷೆ ಪಡೆದ ಹೆಂಗಸು ಆ್ಯಡಿ ಡೇವಿಸ್. 1964ರ ಆಗಸ್ಟ್‌ನಲ್ಲಿ, ನಾರ್ತ್ ಕ್ಯಾರೊಲೈನಾದ ಡರ್ಹಮ್‌ನ ವಾಟ್ಸ್ ಸ್ಟ್ರೀಟ್ ಚರ್ಚಿನಲ್ಲಿ. ದೀಕ್ಷೆಯೇನೋ ಸಿಕ್ಕಿತು. ಸಭೆ ಸಿಕ್ಕಿದ್ದು ಮಾತ್ರ ದಕ್ಷಿಣ ಬಿಟ್ಟು ದೂರದ ವರ್ಮಾಂಟ್‌ನಲ್ಲಿ, ಬೇರೆ ಒಕ್ಕೂಟದ ಚರ್ಚಿನಲ್ಲಿ. ಆಮೇಲೆ ಒಬ್ಬೊಬ್ಬರೇ ಹೆಂಗಸರು ಬಂದರು. ಅವರ ಹಿಂದೆಯೇ ವಿರೋಧವೂ ಗಟ್ಟಿಯಾಯಿತು. 1984ರಲ್ಲಿ ಕ್ಯಾನ್ಸಸ್ ಸಿಟಿಯ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಪಾಸಾಯಿತು: ಮೊದಲು ಸೃಷ್ಟಿಯಾದದ್ದು ಗಂಡಸು, ಏದೆನ್ ತೋಟದಲ್ಲಿ ಮೊದಲು ಪಾಪಕ್ಕೆ ಬಿದ್ದದ್ದು ಹೆಂಗಸು, ಆದ್ದರಿಂದ ದೀಕ್ಷೆ ಬೇಕಾಗುವ ಹುದ್ದೆಗಳು ಹೆಂಗಸರಿಗೆ ಬೇಡ ಅಂತ. ಠರಾವು ಬರೀ ಸಲಹೆ. 2000ದಲ್ಲಿ ಅದು ನಂಬಿಕೆಯ ಅಧಿಕೃತ ಪ್ರಕಟಣೆಗೇ ಸೇರಿತು. ಸೇವೆಗೆ ದೇವರು ಕೊಡುವ ವರಗಳು ಗಂಡಸರು ಹೆಂಗಸರು ಇಬ್ಬರಿಗೂ ಇವೆ, ಪಾಸ್ಟರ್ ಹುದ್ದೆ ಮಾತ್ರ ಗಂಡಸರಿಗೆ ಅಂತ. ಅದೇ ವರ್ಷ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಈ ಒಕ್ಕೂಟದಿಂದ ದೂರ ಸರಿದರು. ಬ್ಯಾಪ್ಟಿಸ್ಟರಾಗಿಯೇ ಉಳಿದರು, ಅದನ್ನು ಮರೆಯಬೇಡಿ.

ಬೈಬಲಿನಲ್ಲಿ ಏನಿದೆ ಅಂತಲೂ ಕೇಳಿದ್ದೀರಿ. ವಿರೋಧಿಗಳ ಕೈಯಲ್ಲಿ ಮೊದಲು ಇರುವುದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 2:12. ಹೆಂಗಸು ಉಪದೇಶ ಮಾಡುವುದಕ್ಕೂ ಗಂಡಸಿನ ಮೇಲೆ ಅಧಿಕಾರ ನಡೆಸುವುದಕ್ಕೂ ಅಪ್ಪಣೆ ಇಲ್ಲ ಅನ್ನುತ್ತಾನೆ ಪತ್ರ ಬರೆದ ಅಪೊಸ್ತಲ ಪೌಲ. ಪರ ಇರುವವರು ಅದೇ ಪೌಲನ ಇನ್ನೊಂದು ಪತ್ರ ತೆಗೆಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಫೊಯಿಬೆ ಅನ್ನುವ ಸಭೆಯ ಸೇವಕಿಗೆ ಶಿಫಾರಸು ಇದೆ, ಪ್ರಿಸ್ಕ ಅನ್ನುವ ಹೆಂಗಸಿಗೆ ವಂದನೆ ಇದೆ. ಆ ಪ್ರಿಸ್ಕಳೂ ಅವಳ ಗಂಡನೂ ಸೇರಿ ಅಪೊಲ್ಲೋಸನೆಂಬ ವಿದ್ವಾಂಸನನ್ನು ಕೂರಿಸಿ ತಿದ್ದಿದ್ದು ಅಪೊಸ್ತಲರ ಕೃತ್ಯಗಳಲ್ಲಿದೆ. ಯೇಸು ಸತ್ತು ಮತ್ತೆ ಎದ್ದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ್ದು ಮಗ್ದಲದ ಮರಿಯಳಲ್ವಾ ಅಂತಲೂ ಕೇಳುತ್ತಾರೆ. ನನಗೆ ಎರಡನೆಯವರ ಮಾತು ಸರಿ ಅನ್ನಿಸುತ್ತದೆ. ಆದರೆ ಮೊದಲನೆಯವರೆಲ್ಲ ಸುಮ್ನೆ ಹೆಂಗಸರ ಮೇಲೆ ಹಗೆ ಸಾಧಿಸುವವರು ಅಂತ ನಾನು ಹೇಳಲಾರೆ. ಅಕ್ಷರಕ್ಕೆ ಕಟ್ಟುಬಿದ್ದು ನಿಜಕ್ಕೂ ಒದ್ದಾಡುವವರು ನಮ್ಮ ಪಕ್ಕದ ಬೆಂಚಿನಲ್ಲೇ ಇದ್ದಾರೆ.

ಈಗಿನ ಗಲಾಟೆ ಶುರುವಾದದ್ದು ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಿಂದ. ರಿಕ್ ವಾರನ್ ಅನ್ನುವ ಪಾಸ್ಟರ್ ಕಟ್ಟಿದ, ಒಕ್ಕೂಟದ ಅತಿ ದೊಡ್ಡ ಚರ್ಚುಗಳಲ್ಲಿ ಒಂದು. 2021ರ ಮೇ ತಿಂಗಳಲ್ಲಿ ಅಲ್ಲಿ ಮೂವರು ಹೆಂಗಸರಿಗೆ ದೀಕ್ಷೆ ಕೊಟ್ಟರು. 2023ರ ಫೆಬ್ರವರಿಯಲ್ಲಿ ಒಕ್ಕೂಟದ ಕಾರ್ಯಕಾರಿ ಸಮಿತಿ ಆ ಚರ್ಚನ್ನು ಹೊರಗಿಟ್ಟಿತು. ಜೊತೆಗೆ ಇನ್ನೂ ಕೆಲವನ್ನು. ಅವುಗಳಲ್ಲಿ ಕೆಂಟಕಿಯ ಲೂಯಿವಿಲ್‌ನ ಫರ್ನ್ ಕ್ರೀಕ್ ಚರ್ಚೂ ಒಂದು. ಅಲ್ಲಿ ಲಿಂಡಾ ಬಾರ್ನ್ಸ್ ಪಾಪಮ್ 1993ರಿಂದ ಪಾಸ್ಟರ್. ಮೂವತ್ತು ವರ್ಷ! ಅಷ್ಟು ದಿನ ಯಾರಿಗೂ ಕಾಣದೇ ಇದ್ದದ್ದು ಈಗ ಕಂಡಿತು. ಎರಡೂ ಚರ್ಚಿನವರು ಜೂನ್‌ನ ನ್ಯೂ ಆರ್ಲಿಯನ್ಸ್ ವಾರ್ಷಿಕ ಸಭೆಗೆ ಮೇಲ್ಮನವಿ ತಂದರು. ಸ್ಯಾಡಲ್‌ಬ್ಯಾಕ್ ಹೊರಗೇ ಇರಲಿ ಅಂದವರು 9,437, ಬೇಡ ಅಂದವರು 1,212. ಫರ್ನ್ ಕ್ರೀಕ್‌ಗೆ ಇನ್ನೂ ಕಡೆ: 9,700ಕ್ಕೆ 806.

ಅಲ್ಲಿಗೂ ಮುಗಿಯಲಿಲ್ಲ. ವರ್ಜೀನಿಯಾದ ಮೈಕ್ ಲಾ ಅನ್ನುವ ಪಾಸ್ಟರ್ ಒಕ್ಕೂಟದ ಸಂವಿಧಾನಕ್ಕೇ ತಿದ್ದುಪಡಿ ತಂದರು: ‘ಯಾವುದೇ ಬಗೆಯ’ ಪಾಸ್ಟರ್ ಹುದ್ದೆಯಲ್ಲೂ ಗಂಡಸರೇ ಇರಬೇಕು. ಈ ‘ಯಾವುದೇ ಬಗೆಯ’ ಅನ್ನುವುದೇ ಕಡ್ಡಿ ಗೀರಿದ್ದು. ಇಲ್ಲಿನ ಚರ್ಚುಗಳಲ್ಲಿ ಮಕ್ಕಳ ಪಾಸ್ಟರ್, ಸಂಗೀತದ ಪಾಸ್ಟರ್ ಅಂತೆಲ್ಲ ಹುದ್ದೆಗಳಿವೆ. ಪುಲ್ಪಿಟ್ (ಉಪದೇಶದ ಪೀಠ) ಹತ್ತದೇ ಇರುವ ಹೆಂಗಸರಿಗೂ ಆ ಹೆಸರಿದೆ. ಹೀಗೆ ಕರೆಯುವ ರೂಢಿ ಕರಿಯರ ಚರ್ಚುಗಳಲ್ಲಿ ಬಹಳ. ಹಾಗಾಗಿ ಒಕ್ಕೂಟದೊಳಗಿನ ಆಫ್ರಿಕನ್ ಅಮೆರಿಕನ್ ಪಾಸ್ಟರುಗಳ ಸಂಘದ ಮುಖ್ಯಸ್ಥರು ಇದರಿಂದ ನಮ್ಮ ಚರ್ಚುಗಳು ದೂರವಾಗುತ್ತವೆ ಅಂತ ಪತ್ರ ಬರೆದರು. ತಿದ್ದುಪಡಿಗೆ ಎರಡು ವರ್ಷ ಸತತವಾಗಿ ಮೂರನೇ ಎರಡು ಭಾಗ ಓಟು ಬೇಕು. 2023ರಲ್ಲಿ ಸಿಕ್ಕಿತು. 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶೇ 61ರಷ್ಟೇ ಬಂದು ಬಿದ್ದುಹೋಯಿತು. 2025ರಲ್ಲಿ ಡಲ್ಲಾಸ್‌ನಲ್ಲಿ ಮತ್ತೆ ತಂದರು, ಮತ್ತೆ ಸುಮಾರು ಅಷ್ಟೇ.

ಹಾಗಾದರೆ ಹೆಂಗಸರು ಗೆದ್ದರು ಅಂದುಕೊಳ್ಳಬೇಡಿ. ಬೇಡ ಅಂದವರಲ್ಲಿ ಬಹಳ ಜನರ ವಾದ ‘ಈಗಿರುವ ನಿಯಮವೇ ಸಾಕು’ ಅಂತ. ಅದು ನಿಜವೂ ಹೌದು. ಇಂಡಿಯಾನಾಪೊಲಿಸ್‌ನಲ್ಲಿ ತಿದ್ದುಪಡಿ ಬೀಳುವ ಹಿಂದಿನ ದಿನವೇ ವರ್ಜೀನಿಯಾದ ಅಲೆಕ್ಸಾಂಡ್ರಿಯದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚನ್ನು ಹೊರಗೆ ಹಾಕಿದರು. ಅಲ್ಲಿ ಮುಖ್ಯ ಪಾಸ್ಟರ್ ಗಂಡಸು. ಮಕ್ಕಳ ಮತ್ತು ಹೆಂಗಸರ ಕೆಲಸ ನೋಡಿಕೊಳ್ಳುವವರು ಹೆಂಗಸು, ಅವರ ಹುದ್ದೆಯ ಹೆಸರಲ್ಲಿ ‘ಪಾಸ್ಟರ್’ ಇತ್ತು. ಮುಂದೆ ಮುಖ್ಯ ಪಾಸ್ಟರ್ ಹೆಂಗಸಾದರೂ ಆದೀತು ಅಂತ ಚರ್ಚು ಹೇಳಿತ್ತು. ಅಷ್ಟು ಸಾಕಾಯಿತು.

ನನಗೆ ಇದರಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಬೇರೆಯೇ ಒಂದು ವಿಷಯ. ಲೈಂಗಿಕ ದೌರ್ಜನ್ಯ ಮಾಡಿದ ಪಾಸ್ಟರುಗಳ ಪಟ್ಟಿ ಇಡಿ, ಇಲ್ಲವಾದರೆ ಅವರು ಒಂದು ಚರ್ಚು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ ಅಂತ ಸಂತ್ರಸ್ತರು ವರ್ಷಗಟ್ಟಲೆ ಬೇಡಿಕೊಂಡರು. 2008ರಲ್ಲಿ ಒಕ್ಕೂಟದ ಮುಖಂಡರು ಆಗುವುದಿಲ್ಲ ಅಂದರು. ಕಾರಣ? ಪ್ರತಿ ಚರ್ಚೂ ಸ್ವತಂತ್ರ, ನಾವು ಕೈ ಹಾಕುವಂತಿಲ್ಲ. 2022ರ ತನಿಖಾ ವರದಿಯಲ್ಲಿ ಗೊತ್ತಾಯಿತು, ಏಳುನೂರಕ್ಕೂ ಜಾಸ್ತಿ ಹೆಸರುಗಳ ಪಟ್ಟಿಯೊಂದನ್ನು ಒಕ್ಕೂಟದ ಕಚೇರಿಯಲ್ಲೇ ಒಬ್ಬರು ಗುಟ್ಟಾಗಿ ಬರೆದಿಟ್ಟಿದ್ದರು ಅಂತ. ಅಲ್ಲಿ ಅಡ್ಡ ಬಂದ ಸ್ವಾತಂತ್ರ್ಯ ಲಿಂಡಾ ಪಾಪಮ್ ವಿಷಯದಲ್ಲಿ ಯಾಕೆ ಅಡ್ಡ ಬರಲಿಲ್ಲ? ನಮ್ಮ ಬೈಬಲ್ ಸ್ಟಡಿಯಲ್ಲಿ ನಾನು ಇದನ್ನು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಕಾಫಿ ತರಲು ಎದ್ದರು.

ನಿಮ್ಮ ಅಕ್ಕನ ಚರ್ಚಿನ ವಿಷಯಕ್ಕೆ ಬರೋಣ. ಅದು ಅಮೆರಿಕನ್ ಬ್ಯಾಪ್ಟಿಸ್ಟ್ ಚರ್ಚಸ್ ಯುಎಸ್ಎಗೆ ಸೇರಿರಬಹುದು. ಅಥವಾ 1991ರಲ್ಲಿ ಸದರ್ನ್ ಬ್ಯಾಪ್ಟಿಸ್ಟರಿಂದ ಬೇಸತ್ತು ಬಂದವರು ಕಟ್ಟಿದ ಕೋಆಪರೇಟಿವ್ ಬ್ಯಾಪ್ಟಿಸ್ಟ್ ಫೆಲೋಷಿಪ್‌ಗೆ. ಎರಡರಲ್ಲೂ ಹೆಂಗಸರು ಪಾಸ್ಟರ್ ಆಗುತ್ತಾರೆ. ಹೊರಗೆ ಬೋರ್ಡಿನಲ್ಲಿ ಬರೀ ‘ಬ್ಯಾಪ್ಟಿಸ್ಟ್’ ಅಂತ ಇರುತ್ತದೆ, ಅದನ್ನು ನೋಡಿದರೆ ತಿಳಿಯುವುದಿಲ್ಲ. ಚರ್ಚಿನ ವಾರ್ಷಿಕ ಬಜೆಟ್ ಹಾಳೆಯಲ್ಲಿ ಮಿಷನ್ ಕಾಣಿಕೆ ಯಾವ ಒಕ್ಕೂಟಕ್ಕೆ ಹೋಗುತ್ತದೆ ಅಂತ ನೋಡಲು ಹೇಳಿ.

ನಮ್ಮ ಚರ್ಚು ಸದರ್ನ್ ಒಕ್ಕೂಟದ್ದೇ. ನನ್ನ ಮಗನಿಗೆ ಭಾನುವಾರ ಪಾಠ ಹೇಳುವಾಕೆ ಕೆಲವು ವರ್ಷದ ಹಿಂದೆ ‘ಮಕ್ಕಳ ಪಾಸ್ಟರ್’ ಆಗಿದ್ದರು. 2023 ಕಳೆದ ಮೇಲೆ ಅವರ ಬಾಗಿಲ ಮೇಲಿನ ಫಲಕ ‘ಡೈರೆಕ್ಟರ್’ ಅಂತಾಯಿತು. ಕೋಣೆ ಅದೇ, ಕೆಲಸ ಅದೇ. ಮಗ ಮಾತ್ರ ಇನ್ನೂ ಅವರನ್ನು ಪಾಸ್ಟರ್ ಅಂತಲೇ ಕೂಗುತ್ತಾನೆ, ಅವರೂ ಓ ಅನ್ನುತ್ತಾರೆ.